ತೇವದ ಧಾನ್ಯ ಮೇಲಿರಲಿ

(ಜುಮಾ ಭಾಷಣದ ಸಾರಾಂಶ – ಚಾಮರಾಜಪೇಟೆ, ಬೆಂಗಳೂರು)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿಯವರ(ಸ) ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಶಾಂತಿ ಇರಲಿ.

ಪ್ರೀತಿಯ ಸಹೋದರರೇ,

ಪ್ರವಾದಿ(ಸ) ಒಮ್ಮೆ ಮಾರಾಟಕ್ಕಿಟ್ಟ ಧಾನ್ಯದ ರಾಶಿಯೊಂದರ ಬಳಿ ನಿಂತು ಒಳಗೆ ಕೈ ಹಾಕಿದರು. ಬೆರಳಿಗೆ ತೇವ ತಗುಲಿತು. ಇದೇನೆಂದು ಕೇಳಿದಾಗ, ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಪ್ರವಾದಿ(ಸ) ಕೇಳಿದರು. ಮೋಸ ಮಾಡುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಹುರೈರಾ(ರ) ಅವರಿಂದ ಈ ವರದಿಯಿದೆ.

ಗಮನಿಸಿ, ಆ ವ್ಯಾಪಾರಿ ಬಾಯಲ್ಲಿ ಸುಳ್ಳು ಹೇಳಿರಲಿಲ್ಲ. ಒಣಗಿದ್ದನ್ನು ಮೇಲಿಟ್ಟಿದ್ದ, ಅಷ್ಟೇ.

ಕೆಲವು ತಿಂಗಳ ಹಿಂದೆ ನಮ್ಮ ಮೊಹಲ್ಲಾದ ಫೋನುಗಳಲ್ಲಿ ಒಂದು ಜಾಹೀರಾತು ಓಡಾಡಿತು: ‘ಉಚಿತ ಉಮ್ರಾ! ಮೂವರನ್ನು ಟ್ಯಾಗ್ ಮಾಡಿ, ಗೆಲ್ಲಿ!’ ನಾವೂ ಪೂರ್ತಿ ಓದದೆ ಅದನ್ನು ಮಸೀದಿಯ ವಾಟ್ಸಾಪ್ ಗುಂಪಿಗೆ ಕಳಿಸಿದೆವು. ಬಟ್ಟೆ ಹೊಲಿದು ಬದುಕುವ ಖಾಲಾ ಒಬ್ಬರು ಮೊಮ್ಮಗನಿಂದ ಹೆಸರು ಹಾಕಿಸಿದರು. ಗೆದ್ದಿದ್ದೀರಿ ಎಂದು ಕರೆ ಬಂತು. ಖಾಲಾ ಮನೆಮನೆಗೆ ಹೋಗಿ ಮಾಫಿ ಕೇಳಿ ಬಂದರು. ಆಮೇಲೆ ತಿಳಿಯಿತು, ಉಚಿತವಾದದ್ದು ವಿಮಾನದ ಟಿಕೆಟ್ ಮಾತ್ರ. ವೀಸಾ, ವಸತಿ, ಊಟದ ಹಣ ಅವರೇ ಕಟ್ಟಬೇಕು. ಖಾಲಾ ಹೋಗಲಿಲ್ಲ. ಬಹಳ ದಿನ ಬೀದಿಗೂ ಬರಲಿಲ್ಲ.

ಆ ಮಾತುಗಳನ್ನು ಬರೆದವನು ನಮ್ಮ ಹುಡುಗನೇ. ಇಶಾ ನಮಾಝಿನ ಬಳಿಕ ಬಂದು, “ಹಜ್ರತ್, ನಾನು ಸುಳ್ಳು ಬರೆದಿಲ್ಲ. ಷರತ್ತು ಕೊನೆಯಲ್ಲಿ ಇಂಗ್ಲಿಷಿನಲ್ಲಿ ಇತ್ತು” ಎಂದ. “ಬೇಟಾ, ನಿನ್ನ ದಾದಿ ಅಷ್ಟು ಕೆಳಗೆ ಓದುತ್ತಾರಾ?” ಎಂದು ಕೇಳಿದೆವು. ಅವನು ತಲೆ ತಗ್ಗಿಸಿದ.

ಸಹೋದರರೇ, ಮನಸೆಳೆಯುವಂತೆ ಬರೆಯುವುದು ಪಾಪವಲ್ಲ. ಅದು ಅಲ್ಲಾಹನು ಕೊಟ್ಟ ಸಾಮರ್ಥ್ಯ. ಹಲವು ಮನೆಗಳಲ್ಲಿ ಅದರಿಂದಲೇ ಒಲೆ ಉರಿಯುತ್ತಿದೆ. ಆದರೆ ಆಡಿದ ಪ್ರತಿ ಮಾತಿಗೂ ದಾಖಲಿಸುವವನಿದ್ದಾನೆ ಎಂದು ಸೂರಃ ಕಾಫ್‌ನ 18ನೆಯ ವಚನ ತಿಳಿಸುತ್ತದೆ. ಬೆರಳಿನಿಂದ ಟೈಪ್ ಮಾಡಿದ್ದು ಅದರಿಂದ ಹೊರಗೆ ಎಂದುಕೊಳ್ಳಬೇಡಿ.

ಬಹುಮಾನದ ಜಾಹೀರಾತು ಬರೆಯುವವರು ನಾಲ್ಕು ವಿಷಯ ನೆನಪಿಡಲಿ. ಒಂದು, ಬಹುಮಾನದಲ್ಲಿ ಏನಿದೆ, ಏನಿಲ್ಲ ಎಂಬುದು ಮೊದಲ ಸಾಲಿನಲ್ಲೇ ಬರಲಿ. ಎರಡು, ಇಲ್ಲದ ಆತುರವನ್ನೂ ಇಲ್ಲದ ಜನಸಂದಣಿಯನ್ನೂ ತೋರಿಸಬೇಡಿ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಿ ಕೂಗಿ ಇತರರನ್ನು ಸಿಲುಕಿಸುವ ‘ನಜ್‌ಶ್’ ಅನ್ನು ಪ್ರವಾದಿ(ಸ) ನಿಷೇಧಿಸಿದ್ದಾರೆ. ಇದೂ ಅದರ ನೆಂಟನೇ. ಮೂರು, ಕೊನೆಯ ದಿನ ಯಾವುದು, ಆಯ್ಕೆ ಹೇಗೆ ಎಂದು ಹೇಳಿ, ಫಲಿತಾಂಶವನ್ನು ಎಲ್ಲರಿಗೂ ತಿಳಿಸಿ. ನಾಲ್ಕು, ಅದೃಷ್ಟ ಪರೀಕ್ಷೆಗೆಂದು ಜನರಿಂದ ಹಣ ಪಡೆಯುವ ಸ್ಪರ್ಧೆಗೆ ಒಂದಕ್ಷರವನ್ನೂ ಬರೆಯಬೇಡಿ. ಅದು ಸೂರಃ ಮಾಇದಃದ 90ನೆಯ ವಚನ ತಡೆದಿರುವ ಜೂಜು.

ದೇಶದ ಕಾನೂನು ಕೂಡ ಇದನ್ನೇ ಕೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. 2022ರ ಮಾರ್ಗಸೂಚಿಯ ಪ್ರಕಾರ, ಪ್ರವೇಶ ಕಳಿಸುವ ಅಥವಾ ವಸ್ತು ತರಿಸಿಕೊಳ್ಳುವ ಅನಿವಾರ್ಯ ಖರ್ಚು ಬಿಟ್ಟು ಬೇರೆ ಹಣ ಕೊಡಬೇಕಾದರೆ ಅದನ್ನು ‘ಉಚಿತ’ ಎನ್ನುವಂತಿಲ್ಲ. ದೊಡ್ಡಕ್ಷರದ ಮಾತನ್ನು ಸಣ್ಣಕ್ಷರದ ಷರತ್ತು ಅಲ್ಲಗಳೆಯಬಾರದು. ಜಾಹೀರಾತಿನ ಭಾಷೆಯಲ್ಲೇ ಷರತ್ತೂ ಇರಬೇಕು. ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಆ ಹುಡುಗ ಮುಂದಿನ ಜಾಹೀರಾತನ್ನು ಹೀಗೆ ಬರೆದ: ‘ವಿಮಾನದ ಟಿಕೆಟ್ ನಮ್ಮದು. ವೀಸಾ, ವಸತಿ, ಊಟ ನಿಮ್ಮದು.’ ಹೀಗೆ ಬರೆದರೆ ಯಾರು ಬರುತ್ತಾರೆ ಎಂದು ಮಾಲೀಕರು ಅದನ್ನು ಅಳಿಸಿದರು. ಅವನು ಕೆಲಸ ಬಿಟ್ಟ. ಇಂದು ನಮ್ಮ ಸಫ್‌ನಲ್ಲಿ ಕುಳಿತಿದ್ದಾನೆ.

ಇಲ್ಲಿರುವ ಅಂಗಡಿ ಮಾಲೀಕರೇ, ನಿಮ್ಮಲ್ಲಿ ದುಡಿಯುವ ಮಕ್ಕಳಿಗೆ ಸುಳ್ಳು ಮತ್ತು ಸಂಬಳದ ನಡುವೆ ಆರಿಸಿಕೊಳ್ಳುವ ಸ್ಥಿತಿ ತರಬೇಡಿ. ನೇರವಾಗಿ ಬರೆಯುವ ಹುಡುಗ ಬೇಕಿದ್ದರೆ ನಮಾಝಿನ ಬಳಿಕ ನಮ್ಮನ್ನು ಕಾಣಿ. ಓದದೆ ಕಳಿಸಿದ ತಪ್ಪಿಗೆ ನಾವೂ ಖಾಲಾ ಅವರ ಮನೆಗೆ ಹೋಗಿ ಮಾಫಿ ಕೇಳಿದ್ದೇವೆ.

ಅಲ್ಲಾಹನು ನಮ್ಮ ಮಾತಿನಲ್ಲಿ ಸತ್ಯವನ್ನೂ ಗಳಿಕೆಯಲ್ಲಿ ಬರ್ಕತ್ತನ್ನೂ ಕೊಡಲಿ. ಖಾಲಾ ಅವರಿಗೆ ತನ್ನ ಮನೆಯ ದರ್ಶನ ಕರುಣಿಸಲಿ. ಆಮೀನ್.