ನಮ್ಮ ಮನೆಗೆ ಬಂದ ಮೊದಲ ಗಣಕಯಂತ್ರ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ಪಂಪ ಕುಮಾರವ್ಯಾಸರ ವಿಚಾರವನ್ನು ಕೇಳಿ ರೂಢಿಯಾಗಿರುವ ತಮ್ಮೆದುರು ಒಂದು ಯಂತ್ರದ ವಿಚಾರವನ್ನೆತ್ತಿಕೊಂಡು ನಿಂತಿದ್ದೇವೆ. ಬ್ಯಾಂಕಿನ ಗುಮಾಸ್ತರಿಗೆ ಕಾವ್ಯಮೀಮಾಂಸೆ ಒಗ್ಗುವುದು ಕಷ್ಟ. ಜಮೆ ಖರ್ಚಿನ ಮಾತು ಒಗ್ಗುತ್ತದೆ. ಆದುದರಿಂದ ಒಂದು ಗಣಕಯಂತ್ರವು ಊರು ಬಿಟ್ಟು ಬಂದ ಕನ್ನಡದ ಮನೆಯೊಂದಕ್ಕೆ ಏನನ್ನು ಜಮೆ ಮಾಡಿತು, ಯಾವುದನ್ನು ಖರ್ಚು ಬರೆಯಿತು ಎಂಬ ಲೆಕ್ಕವನ್ನು ಇಲ್ಲಿ ಒಪ್ಪಿಸುತ್ತೇವೆ. ನಾವು ಎಂದರೆ ನಮ್ಮ ಮನೆಯವರು: ಅಪ್ಪ, ಅಮ್ಮ, ಅಜ್ಜಿ, ಮಕ್ಕಳಾದ ನಾವು ಮೂವರು. ಇಲ್ಲಿ ಕುಳಿತಿರುವ ಅನೇಕರ ಮನೆಯ ಲೆಕ್ಕವೂ ಇದಕ್ಕಿಂತ ಬಹಳ ಬೇರೆಯಾಗಿರಲಾರದು.

ಗಣಕಯಂತ್ರಕ್ಕೂ ನಮ್ಮ ಮುಂಬಯಿಗೂ ಇರುವ ನಂಟು ಹಳೆಯದು. ಇಲ್ಲಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ರಚಿಸಿದ ‘ಟಿಫ್ರಾಕ್’ ಎಂಬ ಯಂತ್ರವು ೧೯೬೦ರಲ್ಲಿ ಕೆಲಸಕ್ಕೆ ನಿಂತಿತು. ಅದರ ನೆನಪಿನ ಉಗ್ರಾಣದಲ್ಲಿ ೨೦೪೮ ಪದಗಳಿಗೆ, ಪದವೊಂದಕ್ಕೆ ೪೦ ಅಂಕಗಳಂತೆ, ಜಾಗವಿತ್ತು. ಮುಂದೆ ನಮ್ಮ ಮನೆಯ ಯಂತ್ರದಲ್ಲಿ ಬಳಸಿದ ಅಂಗೈಯಗಲದ ಫ್ಲಾಪಿಯೊಂದರಲ್ಲಿ ಅದರ ನೂರು ಪಾಲಿಗೂ ಮಿಕ್ಕಿದ ಸರಕು ಹಿಡಿಯುತ್ತಿತ್ತು. ಕೋಣೆ ತುಂಬುವ ಯಂತ್ರವು ಮನೆಯ ಮೂಲೆಯ ಮೇಜಿಗೆ ಇಳಿದು ಬರಲು ನಾಲ್ಕು ದಶಕಗಳು ಹಿಡಿದವೆಂದಾಯಿತು.

ನಮ್ಮ ಉದ್ಯೋಗದಲ್ಲಂತೂ ಅದು ಸುಲಭವಾಗಿ ಒಳಗೆ ಬರಲಿಲ್ಲ. ಯಂತ್ರ ಬಂದರೆ ಅನ್ನ ಹೋಯಿತು ಎಂಬ ಅಂಜಿಕೆಯಿಂದ ಬ್ಯಾಂಕಿನ ನೌಕರರು ಬಹುಕಾಲ ಹೋರಾಡಿದರು. ೧೯೮೩ರಲ್ಲಿ ಬ್ಯಾಂಕುಗಳಿಗೂ ನೌಕರ ಸಂಘಟನೆಗಳಿಗೂ ಯಂತ್ರೀಕರಣದ ಒಪ್ಪಂದವಾಯಿತು, ಮರುವರ್ಷ ಡಾ. ರಂಗರಾಜನ್ ಸಮಿತಿಯ ವರದಿ ಬಂದಿತು. ಆಮೇಲೆ ಲೆಡ್ಜರು ಬರೆಯುವ ಯಂತ್ರಗಳು ಒಂದೊಂದಾಗಿ ಶಾಖೆಗಳಿಗೆ ಬಂದವು. ಹಿರಿಯ ಸಹೋದ್ಯೋಗಿಗಳು ಆ ದಿನಗಳ ಕಥೆ ಹೇಳುವಾಗ ಯಂತ್ರವನ್ನು ಸವತಿಯೆಂದೇ ಕರೆಯುವುದುಂಟು. ಅಂಥ ಸವತಿಯನ್ನು ನಾವು ಮಾತ್ರ ೨೦೦೨ರ ದೀಪಾವಳಿಗೆ ಹಣ ಕೊಟ್ಟು ಮನೆ ತುಂಬಿಸಿಕೊಂಡೆವು.

ಅಪ್ಪ ಕುಂದಾಪುರದ ಕಡೆಯವರು. ಹದಿನಾರರ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮಾಟುಂಗದ ಹೋಟೆಲೊಂದರಲ್ಲಿ ಲೆಕ್ಕ ಬರೆಯುವವರಾದರು. ಡೊಂಬಿವಲಿಯಲ್ಲಿ ನಮ್ಮದು ಒಂದು ಕೋಣೆ, ಒಂದು ಅಡಿಗೆಮನೆ. ಮಕ್ಕಳ ವಿದ್ಯೆಗೆ ಗಣಕಯಂತ್ರ ಬೇಕೆಂದು ಮನಸ್ಸು ಮಾಡಿದವರು ಅಪ್ಪನಲ್ಲ, ಅಮ್ಮ. ನೆರೆಹೊರೆಯ ಹೆಂಗಸರೊಡನೆ ಎರಡು ವರ್ಷ ಚೀಟಿ ಕಟ್ಟಿದ್ದರು. ಇಲ್ಲಿಯವರ ಬಾಯಲ್ಲಿ ಅದು ಭಿಶಿ. ಆ ಹಣಕ್ಕೆ ಅಪ್ಪನ ಬೋನಸ್ಸು ಕೂಡಿ ೨೭,೫೦೦ ರೂಪಾಯಿಯಾಯಿತು.

ಯಂತ್ರ ಕೊಳ್ಳಲು ಹೊರಟದ್ದು ಲ್ಯಾಮಿಂಗ್ಟನ್ ರೋಡಿಗೆ. ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ದೆಹಲಿಯವರಿಗೆ ನೆಹರು ಪ್ಲೇಸ್, ಬೆಂಗಳೂರಿನವರಿಗೆ ಎಸ್. ಪಿ. ರೋಡು ಹೇಗೋ ನಮಗೆ ಲ್ಯಾಮಿಂಗ್ಟನ್ ರೋಡು ಹಾಗೆ. ಹೆಸರಾಂತ ಕಂಪನಿಯ ಯಂತ್ರ ನಮ್ಮ ಕೈಗೆಟುಕುವಂತಿರಲಿಲ್ಲ. ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಡುವ ಅಂಗಡಿಗಳಲ್ಲಿ ಮಧ್ಯಮವರ್ಗದ ಆಸೆ ಕೈಗೂಡುತ್ತಿತ್ತು. ಸೆಲೆರಾನ್ ಪ್ರೊಸೆಸರು, ೧೨೮ ಎಂ.ಬಿ. ರ‍್ಯಾಮು, ೨೦ ಜಿ.ಬಿ. ಹಾರ್ಡ್ ಡಿಸ್ಕು, ಹದಿನೈದು ಇಂಚಿನ ಗುಡಾಣದಂಥ ಮಾನಿಟರು, ವಿಂಡೋಸ್ ತೊಂಬತ್ತೆಂಟು: ಇಷ್ಟನ್ನೂ ಅಪ್ಪ ದಿನಸಿಯ ಪಟ್ಟಿಯಂತೆ ಚೀಟಿಯಲ್ಲಿ ಬರೆದು ಒಂದೊಂದಕ್ಕೂ ಗುರುತು ಹಾಕಿಕೊಂಡರು. ಟ್ಯಾಕ್ಸಿಯ ದುಡ್ಡು ಉಳಿಸುವುದಕ್ಕಾಗಿ ಗ್ರ್ಯಾಂಟ್ ರೋಡಿನಿಂದ ದಾದರಿಗೆ, ದಾದರಿನ ಸೇತುವೆ ಹತ್ತಿಳಿದು ಡೊಂಬಿವಲಿಯ ಗಾಡಿಗೆ, ಸಾಮಾನಿನ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ಪಕ್ಕದಲ್ಲಿ ನಮ್ಮ ಗಣಕಯಂತ್ರದ ಮೆರವಣಿಗೆ ನಡೆಯಿತು. ಮಾನಿಟರಿನ ಪೆಟ್ಟಿಗೆಯನ್ನು ಅಪ್ಪ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು.

ಮನೆಯಲ್ಲಿ ಅದಕ್ಕೆ ದೊರೆತ ಮರ್ಯಾದೆ ಬೀಗರಿಗೂ ದೊರೆತಿರಲಿಲ್ಲ. ಅಮ್ಮ ಹಳೆಯ ಸೀರೆಯಲ್ಲಿ ಮುಸುಕು ಹೊಲಿದರು. ಅಜ್ಜಿ ಕುಂಕುಮವಿಟ್ಟು ಆರತಿಯೆತ್ತಿದರು. ನಾವು ಮಕ್ಕಳು ಕೈ ತೊಳೆದು ಮುಟ್ಟಬೇಕು, ದಿನಕ್ಕೆ ಒಬ್ಬೊಬ್ಬರಿಗೆ ಅರ್ಧ ಗಂಟೆ, ಕರೆಂಟು ಹೋದರೆ ಹೋದವನ ಪಾಳಿ ಹೋಯಿತು. ಇವು ಮನೆಯ ಕಾನೂನು.

ಎಲ್ಲವನ್ನೂ ಸುಮ್ಮನೆ ನೋಡುತ್ತಿದ್ದ ಅಜ್ಜಿ ನಾಲ್ಕನೆಯ ದಿನ ಒಂದು ಪ್ರಶ್ನೆ ಕೇಳಿದರು: “ಇದ್ರಗೆ ಕನ್ನಡ ಬತ್ತಾ ಮಗಾ?”

ಯಂತ್ರದಲ್ಲಿ ಇಂಗ್ಲಿಷು ಇತ್ತು, ಇಸ್ಪೀಟು ಇತ್ತು, ಹಾಡು ಇತ್ತು, ಕನ್ನಡ ಇರಲಿಲ್ಲ. ವಿಂಡೋಸಿನೊಳಗೇ ಕನ್ನಡ ಬಂದದ್ದು ೨೦೦೧ರ ಎಕ್ಸ್‌ಪಿ ಆವೃತ್ತಿಯಲ್ಲಿ. ನಮ್ಮದು ಅದಕ್ಕಿಂತ ಹಳೆಯದು. ಆದರೆ ಕನ್ನಡಿಗರು ಅಷ್ಟರಲ್ಲಿ ಕೈಕಟ್ಟಿ ಕುಳಿತಿರಲಿಲ್ಲ. ಕೆ. ಪಿ. ರಾಯರು ಇಂಗ್ಲಿಷ್ ಕೀಲಿಗಳ ಮೇಲೆಯೇ ಕನ್ನಡದ ಧ್ವನಿಗಳನ್ನು ಹೊಂದಿಸಿ ಒಂದು ವಿನ್ಯಾಸವನ್ನು ಕೊಟ್ಟಿದ್ದರು. ಶೇಷಾದ್ರಿವಾಸು ಅವರ ‘ಬರಹ’ ೧೯೯೮ರಲ್ಲಿಯೇ ಬಂದಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಕರ್ನಾಟಕ ಸರಕಾರವು ಉಚಿತವಾಗಿ ಹಂಚುತ್ತಿತ್ತು. ಬೆಂಗಳೂರಿನಿಂದ ಬಂದ ದೊಡ್ಡಪ್ಪ ಹಲಸಿನ ಹಪ್ಪಳದ ಕಟ್ಟಿನೊಡನೆ ‘ನುಡಿ’ಯ ಒಂದು ಸಿ.ಡಿ.ಯನ್ನೂ ತಂದುಕೊಟ್ಟರು. ಮೊದಲ ಸಲ ತೆರೆಯ ಮೇಲೆ ದುಂಡು ಕನ್ನಡ ಮೂಡಿದಾಗ ಅಪ್ಪ ಒಂದು ಮಾತನ್ನೂ ಆಡಲಿಲ್ಲ. ಎದ್ದು ಹೋಗಿ ಅಂಗಿ ತೊಟ್ಟುಕೊಂಡು ಬಂದು ಕುಳಿತರು. ಬನಿಯನ್ನಿನಲ್ಲಿ ಕುಳಿತು ಕನ್ನಡ ಬರೆಯುವುದು ಅವರಿಗೆ ಸರಿಕಾಣಲಿಲ್ಲವೇನೋ.

ಇಲ್ಲಿ ಒಂದು ವಿಷಯವನ್ನು ಹೇಳಲೇಬೇಕು. ನಾವು ಮಕ್ಕಳು ಮಾತಿನಲ್ಲಿ ಕನ್ನಡಿಗರು, ಬರವಣಿಗೆಯಲ್ಲಿ ಅಲ್ಲ. ಶಾಲೆಯಲ್ಲಿ ಇಂಗ್ಲಿಷು, ಮರಾಠಿ, ಹಿಂದಿ. ಕನ್ನಡದ ಅಕ್ಷರ ನಮಗೆ ಊರಿನ ಬಸ್ಸಿನ ಹಲಗೆಯ ಮೇಲಿನ ಚಿತ್ತಾರ. ಆ ಚಿತ್ತಾರವನ್ನು ನಮಗೆ ಬಿಡಿಸಿ ಹೇಳಿದ್ದು ಆ ಕೀಲಿಮಣೆ. ‘ಕನ್ನಡ’ ಎಂದು ಬರೆಯಬೇಕಾದರೆ ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಒತ್ತಬೇಕು. ನಡುವಿನ ಎಫ್ ಎಂಬುದು ಕೊಂಡಿ. ಎರಡು ವ್ಯಂಜನಗಳನ್ನು ಬೆಸೆಯುವಂಥದು. ದೇವನಾಗರಿಯಲ್ಲಿ ಬೆಸುಗೆಯಾದಾಗ ಮೊದಲನೆಯ ಅಕ್ಷರ ಅರ್ಧವಾಗುತ್ತದೆ. ಕನ್ನಡದಲ್ಲಿ ಮೊದಲನೆಯದು ನೆಟ್ಟಗೆ ನಿಂತು ಎರಡನೆಯದು ಒತ್ತಾಗಿ ಅದರ ಕಾಲಬುಡದಲ್ಲಿ ಕೂರುತ್ತದೆ. ಈ ಭೇದ ನಮಗೆ ಬೆರಳಿನಿಂದ ತಿಳಿಯಿತು. ಹ್ರಸ್ವ ಎಕಾರಕ್ಕೂ ದೀರ್ಘ ಏಕಾರಕ್ಕೂ ಮರಾಠಿಯಲ್ಲಿ ಬೇರೆ ಬೇರೆ ಅಕ್ಷರಗಳಿಲ್ಲ. ಅದಕ್ಕಾಗಿ ನಮ್ಮ ತಮ್ಮ “ಅಜ್ಜ ಕೆರೆಗೆ ಇಳಿದರು” ಎಂಬುದನ್ನು “ಕೇರೆಗೆ ಇಳಿದರು” ಎಂದು ಒತ್ತಿದ, ಅಜ್ಜಿ “ಹಾವಿನೊಳಗೆ ಹೇಗೆ ಇಳಿದಾರು?” ಎಂದು ನಕ್ಕು ನಕ್ಕು ಕಣ್ಣೊರಸಿಕೊಂಡರು. ಆ ಭೇದವನ್ನು ಆತ ಮತ್ತೆ ಮರೆಯಲಿಲ್ಲ.

ಭಾನುವಾರದ ಮಧ್ಯಾಹ್ನ ಅಜ್ಜಿಯ ಪಾಳಿಯೆಂದು ನಿಯಮವಾಯಿತು. ಅವರು ಹೇಳುವುದು, ನಾವು ಸರದಿಯಂತೆ ಒತ್ತುವುದು. ಮೊದಲು ಊರಿಗೆ ಕಾಗದ. ಆಮೇಲೆ ಮದುವೆಯ ಸೋಬಾನೆ ಹಾಡುಗಳು, ಪತ್ರೊಡೆಗೂ ಹಾಲ್‌ಬಾಯಿಗೂ ಅಕ್ಕಿಯ ಅಳತೆ, ಬೈಲು ಮಜಲು ಬೆಟ್ಟುಗಳಲ್ಲಿದ್ದ ಗದ್ದೆಗಳ ಹೆಸರು, ಯಾವ ಗದ್ದೆ ಯಾವ ಸಾಲಕ್ಕೆ ಕೈಬಿಟ್ಟಿತು ಎಂಬ ವಿವರ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ತಾವು ಆಡಿದ್ದು ಅಕ್ಷರವಾಗಿ ನಿಲ್ಲುವುದನ್ನು ಎಪ್ಪತ್ತರ ವಯಸ್ಸಿನಲ್ಲಿ ಮೊದಲ ಬಾರಿ ನೋಡಿದರು. ಮೂರು ವರ್ಷಗಳಲ್ಲಿ ನಲವತ್ತು ಪುಟಗಳಾದವು.

ಇನ್ನು ಖರ್ಚಿನ ಕಡೆಗೆ ಬರೋಣ. ಒಮ್ಮೆ ಆ ಹಾಡುಗಳನ್ನು ಮುದ್ರಿಸಿ ಅತ್ತೆಯ ಮಗಳ ಮದುವೆಗೆ ಒಯ್ಯೋಣವೆಂದು ಫ್ಲಾಪಿ ಹಿಡಿದು ಹತ್ತಿರದ ಒಂದು ಅಂಗಡಿಗೆ ಹೋದೆವು. ಹನ್ನೆರಡು ಹಾಳೆಗಳು ಹೊರಬಿದ್ದವು. ಒಂದರಲ್ಲಿಯೂ ಕನ್ನಡವಿಲ್ಲ, ಎಲ್ಲವೂ ರೋಮನ್ ಅಕ್ಷರಗಳ ಚಿತ್ರಾನ್ನ. ಹಣ ಮಾತ್ರ ಪೂರ್ತಿ ತೆಗೆದುಕೊಂಡರು.

ಕಾರಣವಿಷ್ಟು. ಅಂದಿನ ಕನ್ನಡ ತಂತ್ರಾಂಶಗಳು ಕಡತದಲ್ಲಿ ಕನ್ನಡವನ್ನೇ ಇಡುತ್ತಿರಲಿಲ್ಲ. ಇಂಗ್ಲಿಷಿಗೆ ಮೀಸಲಾದ ಸಂಕೇತಗಳನ್ನಿಟ್ಟು ಅವಕ್ಕೆ ಕನ್ನಡದ ವೇಷ ತೊಡಿಸುತ್ತಿದ್ದವು. ವೇಷದ ಪೆಟ್ಟಿಗೆ, ಅಂದರೆ ಆ ಫಾಂಟು, ಎದುರಿನ ಯಂತ್ರದಲ್ಲಿ ಇಲ್ಲದಿದ್ದರೆ ಬಣ್ಣ ಕಳಚಿದ ಪಾತ್ರಧಾರಿಯಂತೆ ಬರೆಹ ಬೇರೆಯೇ ಆಗಿ ನಿಲ್ಲುತ್ತಿತ್ತು. ಅಲ್ಲದೆ ಎಲ್ಲ ತಂತ್ರಾಂಶಗಳ ಸಂಕೇತವೂ ಒಂದೇ ಆಗಿರಲಿಲ್ಲ. ಇದನ್ನು ಬ್ಯಾಂಕಿನವರು ಬೇಗ ತಿಳಿಯಬಲ್ಲೆವು. ಹಿಂದೆ ಒಬ್ಬ ಗ್ರಾಹಕನ ಲೆಕ್ಕ ಆತನ ಶಾಖೆಯ ಲೆಡ್ಜರಿನಲ್ಲಿ ಮಾತ್ರ ಇರುತ್ತಿತ್ತು. ಬೇರೆ ಶಾಖೆಗೆ ಹೋದರೆ ಆತ ಅಪರಿಚಿತ. ಈಗ ಒಂದೇ ಸಂಖ್ಯೆ, ದೇಶದ ಯಾವ ಶಾಖೆಯಲ್ಲಿಯೂ ಆತ ಆತನೇ. ಅಕ್ಷರಗಳಿಗೆ ಅಂಥ ವ್ಯವಸ್ಥೆಯೇ ಯೂನಿಕೋಡ್. ೧೯೯೧ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಖಾತೆ ತೆರೆದಾಗಿತ್ತು. ‘ಕ’ ಎಂಬ ಅಕ್ಷರಕ್ಕೆ ೩೨೨೧ ಎಂಬುದೊಂದೇ ಸಂಖ್ಯೆ. ಮುಂಬಯಿಯಲ್ಲಾಗಲಿ ಅಮೆರಿಕದಲ್ಲಾಗಲಿ ಅದು ‘ಕ’ವೇ. ಆ ವ್ಯವಸ್ಥೆ ಸಾಮಾನ್ಯರ ಮೇಜಿಗೆ ಬಂದು ಸೇರಲು ಮಾತ್ರ ಹಲವು ವರ್ಷಗಳು ಹಿಡಿದವು.

ನಮ್ಮ ಯಂತ್ರ ೨೦೦೯ರಲ್ಲಿ ಕಣ್ಣು ಮುಚ್ಚಿತು. ಅಜ್ಜಿ ೨೦೧೧ರಲ್ಲಿ ತೀರಿಕೊಂಡರು. ೨೦೨೦ರಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಅಟ್ಟದ ಪೆಟ್ಟಿಗೆಯನ್ನು ತೆರೆದೆವು. ಮುಂಬಯಿಯ ಮಳೆಗಾಲದ ತೇವಕ್ಕೆ ಫ್ಲಾಪಿಗಳ ಒಳಗೆ ಬೂಷ್ಟು ಹಿಡಿದಿತ್ತು. ಅಪ್ಪ ಮುಂದಾಲೋಚನೆಯಿಂದ ಮಾಡಿಸಿಟ್ಟಿದ್ದ ಒಂದು ಸಿ.ಡಿ. ಮಾತ್ರ ಉಳಿದಿತ್ತು, ಅದರಲ್ಲಿಯೂ ಕೊನೆಯ ಕೆಲವು ಪುಟಗಳು ಕೆಟ್ಟಿದ್ದವು. ಹಳೆಯ ಸಂಕೇತವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಈಗ ಉಂಟು. ಅದರಿಂದ ಅಕ್ಷರಗಳು ಮರಳಿ ಬಂದವು. ಆದರೆ ಅರ್ಕಾವೊತ್ತು ಒಂದು ಕಡೆಗೆ, ಒತ್ತು ಇನ್ನೊಂದು ಕಡೆಗೆ ಸರಿದು, ಎಷ್ಟೋ ಸಾಲುಗಳು ಅರ್ಥವಾಗದಂತಿದ್ದವು. ಆಗ ಅಮ್ಮ ಪಕ್ಕದಲ್ಲಿ ಕುಳಿತು ಒಂದೊಂದು ಹಾಡನ್ನೂ ಮೆಲ್ಲನೆ ಹಾಡಿದರು. ಅವರು ಹಾಡಿದಂತೆ ನಾವು ತಿದ್ದಿದೆವು. ಹೀಗೆ ಹನ್ನೊಂದು ಹಾಡುಗಳು ಸರಿಯಾದವು. ಹನ್ನೆರಡನೆಯದರ ಎರಡು ಸಾಲು ಸಿ.ಡಿ.ಯಲ್ಲಿಯೂ ಇರಲಿಲ್ಲ, ಅಮ್ಮನಿಗೂ ಬರುತ್ತಿರಲಿಲ್ಲ. ಅವು ಹೋದವು. ಊರಿನಲ್ಲಿ ಕೇಳೋಣವೆಂದರೆ ಅದನ್ನು ಬಲ್ಲವರು ಯಾರೂ ಉಳಿದಿಲ್ಲ.

ಮಹನೀಯರೆ, ನಮ್ಮ ಲೆಕ್ಕದ ಸಾರ ಇಷ್ಟು. ಯಂತ್ರವು ಅಕ್ಷರವನ್ನು ಕಾಯುತ್ತದೆ. ಅದೂ ಕೆಲವು ಕಾಲ. ಅಕ್ಷರದ ಹಿಂದಿನ ದನಿಯನ್ನು ಕಾಯಬೇಕಾದವರು ಮನೆಯವರು. ಯಂತ್ರವೊಂದನ್ನೇ ನಂಬಿದ್ದರೆ ನಮಗೆ ಹನ್ನೆರಡೂ ಹಾಡುಗಳು ಹೋಗುತ್ತಿದ್ದವು. ಬಾಯಿಯೊಂದನ್ನೇ ನಂಬಿದ್ದರೆ ಗದ್ದೆಗಳ ಹೆಸರು ಒಂದೂ ಉಳಿಯುತ್ತಿರಲಿಲ್ಲ. ಎರಡೂ ಬೇಕು.

ಇಂದು ಪ್ರತಿಯೊಬ್ಬರ ಅಂಗಿಯ ಜೇಬಿನಲ್ಲಿಯೂ ಆ ನಮ್ಮ ಯಂತ್ರಕ್ಕಿಂತ ಎಷ್ಟೋ ಪಾಲು ಬಲವಾದ ಯಂತ್ರವಿದೆ, ಅದರಲ್ಲಿ ಕನ್ನಡವೂ ಇದೆ. ಅಜ್ಜಿಯಂಥವರು ಮಾತನಾಡಿದರೆ ಸಾಕು, ಅದೇ ಬರೆದುಕೊಳ್ಳುತ್ತದೆ. ಹೀಗಿದ್ದರೂ ನಮ್ಮ ಮಕ್ಕಳು ಅಜ್ಜ ಅಜ್ಜಿಯರಿಗೆ “ಊಟ ಆಯ್ತಾ” ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸುತ್ತಾರೆ. ಮಾತು ಕನ್ನಡದ್ದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಜ್ಜಿಗೆ ಬರೆದ ಕಾಗದವನ್ನು ಅಜ್ಜಿ ಓದಲಾರಳೆಂದರೆ ಅದು ಯಾರಿಗೆ ಬರೆದ ಕಾಗದ?

ಆದುದರಿಂದ ಸಂಘದ ಸದಸ್ಯರಲ್ಲಿ ನಮ್ಮದು ಎರಡು ವಿನಂತಿ. ತಮ್ಮ ಮನೆಯ ಅಟ್ಟದಲ್ಲಿ ಹಳೆಯ ಸಿ.ಡಿ., ಫ್ಲಾಪಿಗಳಿದ್ದರೆ ಈ ತಿಂಗಳಲ್ಲಿಯೇ ತೆರೆದು ನೋಡಿರಿ. ಕನ್ನಡದ ಬರೆಹವಿದ್ದರೆ ಯೂನಿಕೋಡಿಗೆ ತಂದು, ಎರಡು ಕಡೆ ಪ್ರತಿಯಿಟ್ಟು, ಒಂದನ್ನು ಕಾಗದದ ಮೇಲೆ ಮುದ್ರಿಸಿಡಿರಿ. ಎರಡನೆಯದು, ವಾರಕ್ಕೊಮ್ಮೆ ಮನೆಯ ಹಿರಿಯರೊಬ್ಬರು ಹೇಳಲಿ, ಮಗುವೊಂದು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಲಿ. ಹಾಡಾಗಲಿ, ಅಡಿಗೆಯಾಗಲಿ, ಗದ್ದೆಯ ಹೆಸರಾಗಲಿ. ತಿಂಗಳಿಗೊಂದು ಭಾನುವಾರ ಸಂಘದ ವಾಚನಾಲಯದಲ್ಲಿ ಈ ಕೆಲಸಕ್ಕೆ ನೆರವಾಗಲು ನಾವು ಒಡಹುಟ್ಟಿದವರು ಮೂವರೂ ಸಿದ್ಧರಿದ್ದೇವೆ. ಹಳೆಯ ಸಿ.ಡಿ.ಗಳನ್ನು ತನ್ನಿರಿ, ಜೊತೆಗೆ ಹಾಡು ಬಲ್ಲ ತಾಯಂದಿರನ್ನೂ ಕರೆತನ್ನಿರಿ. ತಿದ್ದುವುದಕ್ಕೆ ಅವರು ಬೇಕು.