ನಮ್ಮ ಎಂ.ಪಿ. ಹೂಂ ಅಂದರೋ, ಊಹೂಂ ಅಂದರೋ?

(ಬೆಂಗಳೂರಿನಲ್ಲಿ ಕನ್ನಡ ಯುವಜನರ ಮುಂದೆ ಆಡಿದ ಮಾತು)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಬಂದು ಬೆಂಗಳೂರಿನಲ್ಲಿ ರೂಮು ಮಾಡಿಕೊಂಡಿರುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಚುನಾವಣೆ ಬಂತೆಂದರೆ ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗಿ ಓಟು ಹಾಕಿ ಬರುತ್ತೀರಿ. ಬೆರಳಿನ ಶಾಯಿ ಅಳಿಯುವ ಹೊತ್ತಿಗೆ ಗೆದ್ದವರ ನೆನಪೂ ಅಳಿದಿರುತ್ತದೆ. ಇವತ್ತು ನಿಮಗೊಂದು ಪ್ರಶ್ನೆ. ನೀವು ಅವರಿಗೆ ಹಾಕಿದ ಓಟು ನಿಮಗೆ ಗೊತ್ತು. ಅವರು ದಿಲ್ಲಿಯಲ್ಲಿ ನಿಮ್ಮ ಹೆಸರಿನಲ್ಲಿ ಹಾಕಿದ ಓಟು ನಿಮಗೆ ಗೊತ್ತೇ?

ಮೊದಲು ನಿಮ್ಮ ಎಂ.ಪಿ. ಯಾರೆಂದು ಸರಿಯಾಗಿ ತಿಳಿದುಕೊಳ್ಳಿ. ಜಿಲ್ಲೆ ಒಂದೇ ಆದರೂ ಲೋಕಸಭಾ ಕ್ಷೇತ್ರ ಒಂದಲ್ಲ. ಮಧುಗಿರಿ, ಕೊರಟಗೆರೆ ವಿಧಾನಸಭಾ ಕ್ಷೇತ್ರಗಳು ತುಮಕೂರಿಗೆ ಸೇರಿವೆ. ಶಿರಾ, ಪಾವಗಡ ಚಿತ್ರದುರ್ಗ ಮೀಸಲು ಕ್ಷೇತ್ರಕ್ಕೆ ಸೇರಿವೆ. 2024ರಲ್ಲಿ ತುಮಕೂರಿನಿಂದ ವಿ. ಸೋಮಣ್ಣ, ಚಿತ್ರದುರ್ಗದಿಂದ ಗೋವಿಂದ ಕಾರಜೋಳ ಗೆದ್ದರು. ಯಾರನ್ನು ಕೇಳಬೇಕೆಂಬುದೇ ಗೊತ್ತಿಲ್ಲದಿದ್ದರೆ ಕೇಳುವುದಾದರೂ ಹೇಗೆ?

ಈಗ ನೀರಿನ ಮಾತಿಗೆ ಬರೋಣ. ನಮ್ಮ ಸೀಮೆಯವರಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. 2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಕೊಡುವುದಾಗಿ ಘೋಷಣೆಯಾಯಿತು. ಶಿರಾ ತಾಲ್ಲೂಕೂ ಸೇರಿ ಮಧ್ಯ ಕರ್ನಾಟಕದ ಬರಡು ನೆಲಕ್ಕೆ ನೀರು ಕೊಡುವ ಯೋಜನೆ ಅದು. ಜನ ಪಟಾಕಿ ಹೊಡೆಯುವಂಥ ಸುದ್ದಿ. ಆಮೇಲೇನಾಯಿತು? 2024ರ ಫೆಬ್ರವರಿ 7ರಂದು ರಾಜ್ಯದ ಮುಖ್ಯಮಂತ್ರಿಯೇ ಜಂತರ್ ಮಂತರ್‌ನಲ್ಲಿ ಧರಣಿ ಕೂತು, ಆ ಹಣ ಬಂದಿಲ್ಲವೆಂದು ದೂರಬೇಕಾಯಿತು.

ಆ ಬಜೆಟ್ ಲೋಕಸಭೆಯಲ್ಲಿ ಹೇಗೆ ಪಾಸಾಯಿತು, ಗೊತ್ತೇ? 2023ರ ಮಾರ್ಚ್ 23ರಂದು, ಸುಮಾರು 45 ಲಕ್ಷ ಕೋಟಿ ರೂಪಾಯಿ ವೆಚ್ಚದ ಬಜೆಟ್ಟಿನ ಬೇಡಿಕೆಗಳು ಚರ್ಚೆಯೇ ಇಲ್ಲದೆ, ಗದ್ದಲದ ನಡುವೆ, ಧ್ವನಿಮತದಲ್ಲಿ ಮುಗಿದುಹೋದವು. ಆಳುವ ಪಕ್ಷದವರೂ ಕೂಗಿದರು, ವಿರೋಧ ಪಕ್ಷದವರೂ ಕೂಗಿದರು. ನಮ್ಮ 5,300 ಕೋಟಿಯ ಬಗ್ಗೆ ಒಂದು ಮಾತೂ ಚರ್ಚೆಯಾಗಲಿಲ್ಲ. 2017ರಿಂದ ರೈಲ್ವೆಗೆ ಬೇರೆ ಬಜೆಟ್ ಇಲ್ಲ. ಆದ್ದರಿಂದ ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ರಾಯದುರ್ಗಕ್ಕೆ ಹೋಗಬೇಕಾದ ರೈಲು ದಾರಿಯ ಹಣವೂ ಅದೇ ಗದ್ದಲದೊಳಗೆ ಸೇರಿಹೋಯಿತು.

ಆಗ ತುಮಕೂರಿನ ಸದಸ್ಯರು ಜಿ.ಎಸ್. ಬಸವರಾಜು, ಚಿತ್ರದುರ್ಗದ ಸದಸ್ಯರು ಎ. ನಾರಾಯಣಸ್ವಾಮಿ. ನಾನು ಅವರನ್ನು ದೂರುತ್ತಿಲ್ಲ, ಹೊಗಳುತ್ತಲೂ ಇಲ್ಲ. ಆ ಮತದಾನದ ಮಟ್ಟಿಗೆ ದೂರುವುದಕ್ಕಾಗಲಿ ಹೊಗಳುವುದಕ್ಕಾಗಲಿ ದಾಖಲೆಯೇ ಇಲ್ಲ. ನನ್ನ ತಕರಾರು ಇರುವುದೇ ಅಲ್ಲಿ!

ಧ್ವನಿಮತ ಎಂದರೇನು? ‘ಒಪ್ಪುವವರು ಹೌದು ಅನ್ನಿ, ಒಪ್ಪದವರು ಇಲ್ಲ ಅನ್ನಿ’ ಎನ್ನುತ್ತಾರೆ ಸ್ಪೀಕರ್. ಯಾವ ಕೂಗು ಜೋರೋ ಅದು ಗೆದ್ದಂತೆ. ಮಧುಗಿರಿ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಸಾವಿರ ಜನ ಒಟ್ಟಿಗೆ ಕೂಗಿದರೆ ನಿಮ್ಮ ಮಾವನ ದನಿ ಯಾವುದೆಂದು ಹೇಳಬಲ್ಲಿರಾ? ಆದರೆ ಸದಸ್ಯರೊಬ್ಬರು ಎದ್ದು ನಿಂತು ‘ಮತ ವಿಭಜನೆ ಬೇಕು’ ಎಂದು ಕೇಳಬಹುದು. ಸ್ಪೀಕರ್ ಒಪ್ಪಿದರೆ ಗಂಟೆ ಹೊಡೆಯುತ್ತದೆ, ಬಾಗಿಲು ಮುಚ್ಚುತ್ತದೆ, ಗುಂಡಿ ಒತ್ತಬೇಕು. ಹೌದು ಎಂದರೆ ಹಸಿರು, ಇಲ್ಲ ಎಂದರೆ ಕೆಂಪು, ತಟಸ್ಥ ಎಂದರೆ ಹಳದಿ. ಯಾರ ಓಟು ಎತ್ತ ಎಂಬುದು ಹೆಸರು ಸಮೇತ ನಡಾವಳಿಯಲ್ಲಿ ಅಚ್ಚಾಗುತ್ತದೆ.

ಹೆಸರು ಬಿದ್ದರೆ ಏನಾಗುತ್ತದೆ ನೋಡಿ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಮಂದಿ ಹೌದು ಅಂದರು, 2 ಮಂದಿ ಇಲ್ಲ ಅಂದರು. ಆ ಇಬ್ಬರು ಯಾರೆಂದು ದೇಶಕ್ಕೆಲ್ಲ ಗೊತ್ತು. ಅದೇ ವರ್ಷ ಡಿಸೆಂಬರ್ 20ರಂದು ಮೂರು ಹೊಸ ಕ್ರಿಮಿನಲ್ ಕಾನೂನುಗಳು ಅದೇ ಸಭೆಯಲ್ಲಿ ಧ್ವನಿಮತದಲ್ಲಿ ಪಾಸಾದವು. ಇಂಗ್ಲಿಷ್ ಪಠ್ಯಕ್ಕೂ ಹಿಂದಿ ಹೆಸರು: ಭಾರತೀಯ ನ್ಯಾಯ ಸಂಹಿತಾ, ಭಾರತೀಯ ನಾಗರಿಕ ಸುರಕ್ಷಾ ಸಂಹಿತಾ, ಭಾರತೀಯ ಸಾಕ್ಷ್ಯ ಅಧಿನಿಯಮ್. 2024ರ ಜುಲೈ 1ರಿಂದ ಪಾವಗಡದ ಪೊಲೀಸ್ ಠಾಣೆಯಲ್ಲೂ ಇವೇ ಜಾರಿ. ಕರ್ನಾಟಕದ 28 ಎಂ.ಪಿ.ಗಳಲ್ಲಿ ಯಾರು ಹೌದು ಅಂದರು, ಯಾರು ಇಲ್ಲ ಅಂದರು? ಮತದ ಪಟ್ಟಿಯೇ ಇಲ್ಲ!

‘ವಿಪ್ ಇದ್ದ ಮೇಲೆ ಎಂ.ಪಿ. ಏನು ಮಾಡಿಯಾರು?’ ಎಂದು ಕೇಳುತ್ತೀರಿ. ನಿಜ. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಪಕ್ಷದ ವಿಪ್ ಮೀರಿ ಓಟು ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಆದರೆ ವಿಭಜನೆ ಕೇಳಬೇಡಿ, ಪ್ರಶ್ನೆ ಕೇಳಬೇಡಿ, ಭದ್ರಾ ನೀರಿನ ಮಾತೆತ್ತಬೇಡಿ ಎಂದು ಆ ಕಾನೂನು ಎಲ್ಲೂ ಹೇಳಿಲ್ಲ. ಒಂದು ಓಟಿಗೆ ಬೆಲೆ ಇಲ್ಲವೆನ್ನಬೇಡಿ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಬಿದ್ದದ್ದು 269ಕ್ಕೆ 270, ಒಂದೇ ಓಟಿನಿಂದ.

ಹಾಗಾದರೆ ನಾವು ಮಾಡಬೇಕಾದ್ದೇನು? ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಅಧಿವೇಶನಕ್ಕೂ ಬರೆಯಿರಿ: ದಿನಾಂಕ, ಮಸೂದೆ, ಧ್ವನಿಮತವೋ ವಿಭಜನೆಯೋ, ನಮ್ಮ ಎಂ.ಪಿ. ಹಾಜರಿದ್ದರೋ ಇಲ್ಲವೋ, ಯಾವ ಗುಂಡಿ ಒತ್ತಿದರು, ಯಾವ ಪ್ರಶ್ನೆ ಕೇಳಿದರು. ಒಂದು ಎಚ್ಚರಿಕೆ. ಮಂತ್ರಿಯಾದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. 2024ರ ಜೂನ್‌ನಲ್ಲಿ ಸೋಮಣ್ಣನವರು ಕೇಂದ್ರದಲ್ಲಿ ರೈಲ್ವೆ ಮತ್ತು ಜಲಶಕ್ತಿ ಖಾತೆಗಳ ರಾಜ್ಯ ಮಂತ್ರಿಯಾದರು. ಅಂಥವರ ಲೆಕ್ಕವನ್ನು ಓಟಿನಿಂದ, ಖಾತೆಯ ಕೆಲಸದಿಂದ ಇಡಬೇಕು. ಹಾಜರಿ ಸೊನ್ನೆ ಎಂದು ಸುಳ್ಳು ಸುದ್ದಿ ಹಬ್ಬಿಸುವುದು ನಮ್ಮ ಕೆಲಸವಲ್ಲ.

ಮತ ವಿಭಜನೆಯ ಪಟ್ಟಿ ದಿಲ್ಲಿಯ ಕಡತಗಳಲ್ಲಿ ಇಂಗ್ಲಿಷಿನಲ್ಲಿ ಬಿದ್ದಿರುತ್ತದೆ. ಅದನ್ನು ಕನ್ನಡಕ್ಕೆ ತನ್ನಿ. ಒಂದು ಹಾಳೆಯಲ್ಲಿ ಬರೆದು ಶಿರಾ ಬಸ್ ಸ್ಟ್ಯಾಂಡಿನಲ್ಲಿ, ಕೊರಟಗೆರೆಯ ಟೀ ಅಂಗಡಿಯಲ್ಲಿ, ನಿಮ್ಮೂರ ಪಂಚಾಯ್ತಿ ಕಟ್ಟೆಯಲ್ಲಿ ಅಂಟಿಸಿ. ಕನ್ನಡದ ಹೋರಾಟ ಎಂದರೆ ಬೋರ್ಡಿನ ಅಕ್ಷರ ಮಾತ್ರವಲ್ಲ. ದಿಲ್ಲಿಯಲ್ಲಿ ನಮ್ಮ ಹೆಸರಿನಲ್ಲಿ ನಡೆದದ್ದು ನಮ್ಮ ಭಾಷೆಯಲ್ಲಿ ನಮಗೆ ತಿಳಿಯುವುದೂ ಕನ್ನಡದ ಹಕ್ಕೇ.

ಮತ್ತೆ ಓಟು ಕೇಳಲು ಬಂದಾಗ ಹಾರ ಹಾಕುವ ಮುಂಚೆ ಆ ನೋಟ್‌ಬುಕ್ ತೆಗೆಯಿರಿ. ಮರ್ಯಾದೆಯಿಂದಲೇ ಕೇಳಿ: ‘ಸ್ವಾಮೀ, ನಮ್ಮ ನೀರಿನ ಹಣದ ಮಾತು ಬಂದಾಗ ಎದ್ದು ನಿಂತು ವಿಭಜನೆ ಕೇಳುತ್ತೀರಾ?’ ಹೂಂ ಅಂದರೆ ಬರೆದುಕೊಳ್ಳಿ. ಊಹೂಂ ಅಂದರೂ ಬರೆದುಕೊಳ್ಳಿ.

ಸಿರಿಗನ್ನಡಂ ಗೆಲ್ಗೆ!