'ನಾಗರಹಾವು' ಚಿತ್ರದ ಓಬವ್ವ ಮತ್ತು ಅಲಮೇಲು



ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದ ಬಸ್ಸು ಹಿಡಿದು ದುರ್ಗಕ್ಕೆ ಬಂದಿದ್ದೀರಿ. ಕೋಟೆಯನ್ನೂ ಓಬವ್ವನ ಕಿಂಡಿಯನ್ನೂ ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಆದರೂ ಓಬವ್ವ ಎಂದೊಡನೆ ಕಣ್ಣಿಗೆ ಕಟ್ಟುವುದು ನಟಿ ಜಯಂತಿಯವರ ಮುಖ. 1972ರಲ್ಲಿ ಪುಟ್ಟಣ್ಣ ಕಣಗಾಲ್ ತೆಗೆದ 'ನಾಗರಹಾವು' ಚಿತ್ರದ ಒಂದು ಹಾಡು ಮಾಡಿದ ಕೆಲಸ ಅದು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ಆ ಚಿತ್ರ ರಾಮಾಚಾರಿ ಎಂಬ ಹಟಮಾರಿ ಹುಡುಗನ ಕಥೆ. ಯುದ್ಧ ಬರುವುದು ಹಾಡಿನ ಕೆಲವೇ ನಿಮಿಷ. ಅಷ್ಟರಲ್ಲೇ ಓಬವ್ವ ಮನೆಮನೆಗೂ ಹೋದಳು. ಈಗಲೂ ಟಿ.ವಿ.ಯಲ್ಲಿ ಬಂದರೆ ನಾನು ಒಲೆ ಆರಿಸಿ ಬಂದು ಕೂರುತ್ತೇನೆ.

ಆದರೆ ಆ ಹಾಡಿನಲ್ಲಿ ಏನಿಲ್ಲ ಎಂಬುದನ್ನೂ ಕೇಳಬೇಕು. ಓಬವ್ವ ಛಲವಾದಿ ಸಮುದಾಯದ ದಲಿತ ಹೆಣ್ಣುಮಗಳು, ಮದಕರಿನಾಯಕನ ಕೋಟೆಯ ಕಾವಲುಗಾರ ಕಹಳೆ ಮುದ್ದಹನುಮನ ಹೆಂಡತಿ. ದುರ್ಗದ ಜನಕ್ಕೆ ಇದು ಗೊತ್ತು, ಹಾಡು ಮಾತ್ರ ಹೇಳುವುದಿಲ್ಲ. ಆಕೆ ಇಡೀ ನಾಡಿನ ಹೆಣ್ಣಾಗಲಿ, ಸಂತೋಷವೇ. ಆದರೆ ಎಲ್ಲರವಳಾಗಲು ಆಕೆ ತನ್ನ ಕೇರಿಯನ್ನು ಬಿಟ್ಟು ಬರಬೇಕೇ? ಕಿತ್ತೂರು ಚೆನ್ನಮ್ಮನಿಗೆ 1961ರಲ್ಲೇ ಬಿ. ಸರೋಜಾದೇವಿ ನಟಿಸಿದ ಇಡೀ ಚಿತ್ರ ಸಿಕ್ಕಿತು. ರಾಣಿಯ ಕಥೆಯಲ್ಲಿ ಮನೆತನ, ಅರಮನೆ, ದತ್ತುಮಗ ಯಾವುದನ್ನೂ ಬಿಡುವುದಿಲ್ಲ. ನೀರು ತರಲು ಹೋದ ಕಾವಲುಗಾರನ ಹೆಂಡತಿಗೆ ಒಂದು ಹಾಡು.

ನಾನು ಪಾಠ ಹೇಳುತ್ತಿದ್ದ ಕಾಲೇಜೊಂದರಲ್ಲಿ ವಾರ್ಷಿಕೋತ್ಸವಕ್ಕೆ ಓಬವ್ವನ ನೃತ್ಯ ತಪ್ಪುತ್ತಿರಲಿಲ್ಲ. ಒನಕೆ ಹಿಡಿಯುವವಳು ಪ್ರತಿಸಲವೂ ಬೆಳ್ಳಗಿನ, ಅನುಕೂಲಸ್ಥರ ಮನೆಯ ಹುಡುಗಿ. ಕೇರಿಯಿಂದ ಬಂದ ಹುಡುಗಿಯರು ಹೈದರಾಲಿಯ ಸೈನಿಕರಾಗಿ ಏಟು ತಿಂದು ಬೀಳಬೇಕು. ಒಮ್ಮೆ ಅವರಲ್ಲೊಬ್ಬಳು, "ಮೇಡಂ, ಓಬವ್ವ ನಮ್ಮೋಳಲ್ವಾ?" ಎಂದಳು. ಮುಂದಿನ ವರ್ಷ ಒನಕೆ ಅವಳ ಕೈಗೇ ಬಂತು. ಕೆಲವರು ಮುಖ ಸಿಂಡರಿಸಿದರು, ಇರಲಿ.

ಅದೇ ಚಿತ್ರದಲ್ಲಿ ಅಲಮೇಲು ಇದ್ದಾಳೆ, ಆರತಿ ಮಾಡಿದ ಪಾತ್ರ. ಜಾತಿ ಅಡ್ಡ ಬಂದು ಮೆಚ್ಚಿದವನು ಕೈತಪ್ಪುತ್ತಾನೆ. ಹಿರಿಯರು ಬೇರೆಯವನಿಗೆ ಕೊಟ್ಟು ಮದುವೆ ಮಾಡುತ್ತಾರೆ. ಆ ಮದುವೆಯೇ ಆಕೆಯನ್ನು ಮೈ ಮಾರಿಕೊಳ್ಳುವ ಬದುಕಿಗೆ ನೂಕುತ್ತದೆ. ಓಬವ್ವನಿಗೆ ಚಪ್ಪಾಳೆ ತಟ್ಟಿದ ಜನ ಅಲಮೇಲುವಿಗೆ ಕಣ್ಣೀರು ಹಾಕಿ ಮನೆಗೆ ಹೋದರು. ನಮ್ಮ ಸಂಘಗಳಿಗೆ ದೂರು ಹೊತ್ತು ಬರುವವರು ಹೆಚ್ಚಾಗಿ ಅಲಮೇಲುಗಳೇ.

2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ವೇದಿಕೆ ಮೇಲೆ "ಪ್ರತಿ ಹೆಣ್ಣೂ ಓಬವ್ವಳಾಗಬೇಕು" ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಶತ್ರು ಕಿಂಡಿಯಲ್ಲಿ ಒಬ್ಬೊಬ್ಬನಾಗಿ ತೂರಿ ಬಂದರೆ ಒನಕೆ ಎತ್ತಬಹುದು. ತಾಳಿ ಕಟ್ಟಿದವನೇ ಸೈಟು ತಾ, ಬೈಕು ತಾ ಎಂದು ಹೊಡೆದರೆ? ನೀನೊಬ್ಬಳೇ ಹೋರಾಡು ಎನ್ನುವುದು ಊರಿನವರಿಗೆ ಸುಲಭ. ಒಬ್ಬಳೇ ಹೋರಾಡಿದ ಓಬವ್ವ ಅದೇ ದಿನ ಸತ್ತಳು. 1779ರಲ್ಲಿ ಕೋಟೆಯೂ ಹೈದರಾಲಿಯ ಪಾಲಾಯಿತು.

ಅಲಮೇಲುವಿನ ಕಾಲಕ್ಕೆ 1961ರ ವರದಕ್ಷಿಣೆ ನಿಷೇಧ ಕಾಯ್ದೆ ಇತ್ತು. ಗಂಡನ ಕ್ರೌರ್ಯವನ್ನೇ ಅಪರಾಧವೆಂದ 498ಎ ಕಲಂ ಬಂದದ್ದು 1983ರಲ್ಲಿ. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. 2005ರ ಕಾಯ್ದೆಯ ಪ್ರಕಾರ, ಮನೆ ಗಂಡನ ಹೆಸರಿನಲ್ಲಿದ್ದರೂ ನಿಮ್ಮನ್ನು ಸುಮ್ಮನೆ ಹೊರಗೆ ಹಾಕುವಂತಿಲ್ಲ. ರಕ್ಷಣೆಯ ಆದೇಶಕ್ಕೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಸಹಾಯವಾಣಿ 181, ಬರೆದುಕೊಳ್ಳಿ.

ಹೊಳಲ್ಕೆರೆಯ ಸಭೆಯೊಂದರಲ್ಲಿ ಒಬ್ಬ ಅಕ್ಕ ಕೇಳಿದರು: "ಮೇಡಂ, ಉಣ್ಣಾಕ್ ಹೋಗಿದ್ದ ಗಂಡ ವಾಪಸ್ ಬಂದು ಏನ್ ಮಾಡ್ದ?" ಕಹಳೆ ಊದಿ ಕೋಟೆಯವರನ್ನೆಲ್ಲ ಕರೆದ ಎನ್ನುತ್ತದೆ ಕಥೆ, ಎಂದೆ. "ನಮ್ ಪಕ್ಕದ್ ಮನೆಯೋರು ಬಾಗಿಲು ಹಾಕ್ಕೊಂತಾರೆ" ಎಂದರು ಅವರು. ಆ ಅಕ್ಕ ಇವತ್ತೂ ಬಂದಿದ್ದಾರೆ. ನನ್ನ ಮಾತು ಇಷ್ಟೇ, ಇನ್ನು ಅವರು ಮಾತಾಡಲಿ.